ಇಪ್ಪತ್ತೆಂಟನೇ ಕಲಮಿನ ಬಾತುಕೋಳಿಗಳು

ಬಾತುಕೋಳಿಗಳು ಒಪ್ಪಂದದ ಕರಡಿನೊಳಗೆ ನುಗ್ಗಿದ್ದು ಯಾರ ದುರುದ್ದೇಶದಿಂದಲೂ ಅಲ್ಲ. ಇಪ್ಪತ್ತೇಳನೇ ಕಲಮಿನ ನಂತರ ಕಂಪ್ಯೂಟರು ಮತ್ತೆ ಒಂದರಿಂದ ಎಣಿಸತೊಡಗಿತ್ತು, ಅಷ್ಟೆ. ಗುಮಾಸ್ತ ಅದನ್ನು ಸರಿಪಡಿಸಿದ. ನಿಜವಾಗಿಯೂ ಸರಿಹೋಗಿದೆಯೋ ಇಲ್ಲವೋ ನೋಡಲು ಕೆಳಗೊಂದು ಸುಳ್ಳು ಕಲಮನ್ನು ಟೈಪು ಮಾಡಿದ. ಬೇರೆ ಯಾರಾದರೂ ಆಗಿದ್ದರೆ ಕೈಗೆ ಸಿಕ್ಕ ನಾಲ್ಕು ಅಕ್ಷರ ಕುಟ್ಟಿ ಬಿಡುತ್ತಿದ್ದರು. ಅರ್ಥವಿಲ್ಲದ ಅಕ್ಷರಗಳನ್ನು ಕಚೇರಿಯ ಕಂಪ್ಯೂಟರಿನಲ್ಲಿ ಹೊಡೆಯುವುದು ಅವನಿಗೆ ಸರಿ ಕಾಣಲಿಲ್ಲ. ಯಾರಿಗೂ ನೋವಾಗದಂಥದ್ದನ್ನು ಯೋಚಿಸಿ, ಕಾನೂನಿನ ಭಾಷೆಯಲ್ಲೇ ಬರೆದ: "ಡೆವಲಪರು ತಮ್ಮ ಸ್ವಂತ ಖರ್ಚಿನಲ್ಲಿ ಸಾರ್ವಜನಿಕ ಕೊಳವೊಂದನ್ನು ನಿರ್ಮಿಸಿ, ಅದರಲ್ಲಿ ಹನ್ನೆರಡಕ್ಕೆ ಕಡಿಮೆಯಿಲ್ಲದಷ್ಟು ಬಾತುಕೋಳಿಗಳನ್ನು ಸದಾಕಾಲವೂ ಇಟ್ಟಿರತಕ್ಕದ್ದು."

ಪಕ್ಕದಲ್ಲಿ ತಾನಾಗಿ ಇಪ್ಪತ್ತೆಂಟು ಎಂದು ಬಿತ್ತು. ಗುಮಾಸ್ತನಿಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲಿ ಅಳಿಸುವುದನ್ನು ಮರೆತ.

ಇದು ನಡೆದದ್ದು ಮೂರು ವಾರದ ಹಿಂದೆ. ಊರಂಚಿನ ಹಾಳುಬಿದ್ದ ಹೆಂಚಿನ ಕಾರ್ಖಾನೆಯ ಜಾಗದಲ್ಲಿ ಆರುನೂರು ಮನೆ ಕಟ್ಟುವ ಬಗ್ಗೆ ನಗರಸಭೆಗೂ ಒಬ್ಬ ಬಿಲ್ಡರಿಗೂ ಎರಡು ವರ್ಷದಿಂದ ಮಾತುಕತೆ ನಡೆದಿತ್ತು. ನಗರಸಭೆ ಅನುಮತಿ ಕೊಡಬೇಕು. ಬದಲಿಗೆ ಬಿಲ್ಡರು ರಸ್ತೆ, ಚರಂಡಿ, ಮೈದಾನ ಮಾಡಿಕೊಡಬೇಕು. ಕರಡಿನಲ್ಲಿ ನಗರಸಭೆ ಕೇಳಿದ್ದೆಲ್ಲ ಕೆಂಪು, ಬಿಲ್ಡರು ಕೇಳಿದ್ದೆಲ್ಲ ನೀಲಿ, ಇಬ್ಬರೂ ಒಪ್ಪಿದ್ದು ಕಪ್ಪು. ಬಾತುಕೋಳಿಗಳನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಗುಮಾಸ್ತ ಅವನ್ನು ಕಪ್ಪಿನಲ್ಲಿ ಟೈಪು ಮಾಡಿದ್ದ. ಕಪ್ಪನ್ನು ಯಾರೂ ಓದುವುದಿಲ್ಲ. ಜಗಳವಿರುವುದು ಕೆಂಪು ನೀಲಿಯಲ್ಲಿ. ಹೀಗಾಗಿ ಬಾತುಕೋಳಿಗಳು ಎರಡೂ ಕಡೆಯ ಕಚೇರಿಗಳನ್ನು ಸುತ್ತಿ, ಪುಟದ ಕೆಳಗೆ ಮೂವರ ಚಿಕ್ಕ ಸಹಿ ಹಾಕಿಸಿಕೊಂಡು, ಕರೆಯದೆ ಬಂದ ನೆಂಟರಂತೆ ನೆಮ್ಮದಿಯಾಗಿ ಕೂತುಬಿಟ್ಟಿದ್ದವು.

ಕಚೇರಿಯಲ್ಲಿ ಗುಮಾಸ್ತನಿಗೆ 'ಇನ್ನೊಂದ್ಸಲ' ಎಂದು ಹೆಸರು. ಬೀಗ ಹಾಕಿದ ಮೇಲೆ ಇನ್ನೊಂದ್ಸಲ ಎಳೆದು ನೋಡುವವನು, ಲಕೋಟೆ ಅಂಟಿಸಿದ ಮೇಲೆ ಒಳಗೆ ಕಾಗದ ಇಟ್ಟೆನೋ ಇಲ್ಲವೋ ಎಂದು ಇನ್ನೊಂದ್ಸಲ ಬಿಚ್ಚುವವನು. ಅಂತಿಮ ಸಭೆಯ ದಿನ ಬೆಳಿಗ್ಗೆ ಏಳಕ್ಕೆ, ಮನೆಯ ಮುಂದಿನ ಕೋಣೆಯಲ್ಲಿ, ಹೆಂಡತಿಯ ಹೊಲಿಗೆ ಮೆಷಿನ್ನಿನ ಮೇಲೆ ಕರಡು ಹರಡಿಕೊಂಡು ಇನ್ನೊಂದ್ಸಲ ನೋಡುತ್ತಿದ್ದಾಗ ಅವನಿಗೆ ಬಾತುಕೋಳಿಗಳು ಕಂಡವು.

"ಅಯ್ಯೋ!"

"ಏನ್ರೀ, ರಸ್ತೆ ನಮ್ಮ ಕಡೆಗೇ ಬಂತಾ?" ಎಂದಳು ಹೆಂಡತಿ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ರಸ್ತೆ ಅಲ್ಲ ಕಣೇ. ಬಾತುಕೋಳಿ."

"ಬಾತುಕೋಳಿ ಹಾಳಾಗ್ಲಿ. ನಂಗೆ ರಸ್ತೆ ವಿಷಯ ಹೇಳಿ."

ಎರಡು ವರ್ಷದ ಜಗಳದಲ್ಲಿ ಬಗೆಹರಿಯದೆ ಉಳಿದಿದ್ದದ್ದು ಆ ರಸ್ತೆಯೊಂದೇ. ಹೊಸ ಮನೆಗಳಿಗೆ ಹೋಗುವ ದಾರಿ ಪೂರ್ವದ ಓಣಿಯಿಂದ ಬರಲಿ ಎಂದು ಬಿಲ್ಡರು ಹಟ ಹಿಡಿದಿದ್ದ. ಅದು ಹತ್ತಿರ, ನಾಲ್ಕು ಮನೆಗಳ ಮುಂಭಾಗದಿಂದ ಎಂಟೆಂಟು ಅಡಿ ಕತ್ತರಿಸಿದರೆ ಮುಗಿಯಿತು. ಪಶ್ಚಿಮದಿಂದ ಬರಲಿ ಎನ್ನುತ್ತಿತ್ತು ನಗರಸಭೆ. ಅಲ್ಲಿ ದೊಡ್ಡ ಚರಂಡಿಗೆ ಸೇತುವೆ ಕಟ್ಟಬೇಕು. ಪೂರ್ವದ ಓಣಿಯ ನಾಲ್ಕು ಮನೆಗಳಲ್ಲಿ ಮೂರನೆಯದು ಗುಮಾಸ್ತನದು. ಅದರ ಮುಂದಿನ ಎಂಟಡಿ ಎಂದರೆ ಹೆಂಡತಿಯ ಹೊಲಿಗೆ ಅಂಗಡಿ, ಒಂದಂಗುಲ ಹೆಚ್ಚಿಲ್ಲ, ಒಂದಂಗುಲ ಕಡಿಮೆಯಿಲ್ಲ. ತನ್ನ ಮನೆ ಆ ಓಣಿಯಲ್ಲೇ ಇರುವುದರಿಂದ ತನ್ನನ್ನು ಈ ಕೆಲಸದಿಂದ ಬಿಡಿಸಬೇಕೆಂದು ಗುಮಾಸ್ತ ಆರು ತಿಂಗಳ ಹಿಂದೆಯೇ ಪತ್ರ ಕೊಟ್ಟಿದ್ದ. ಅದಕ್ಕೆ ನಂಬರು ಬಿದ್ದಿತ್ತು. ಉತ್ತರ ಬಂದಿರಲಿಲ್ಲ.

"ಅದೇ ರೂಮಲ್ಲಿ ಕೂತಿರ್ತೀರಿ. ಒಂದು ಮಾತು ಹೇಳೋಕೆ ಬಾಯಿಲ್ವಾ ನಿಮ್ಗೆ?"

"ನಾನು ನಡಾವಳಿ ಬರೆಯೋನು ಕಣೇ. ಬರೆಯೋನೇ ಮಾತಾಡಿದ್ರೆ ಅದನ್ನ ಬರ್ಕೊಳ್ಳೋರು ಯಾರು?"

"ಹನ್ನೊಂದು ವರ್ಷ ಈ ಕಿಟಕಿ ಬೆಳಕಲ್ಲಿ ಸೂಜಿಗೆ ದಾರ ಪೋಣಿಸಿದ್ದೀನಿ. ನೀವು ಬರೀತಾ ಇರಿ, ಅವ್ರು ಬಂದು ನನ್ನ ಮೆಷಿನ್ ಮೇಲೆ ಡಾಂಬರು ಸುರೀಲಿ."

ಗುಮಾಸ್ತ ಕರಡನ್ನು ಮಡಿಚಿ ಚೀಲದಲ್ಲಿಟ್ಟುಕೊಂಡ. ಓಣಿಯ ಮೂಲೆಯವರೆಗೆ ಹೋಗಿ, ಇಟ್ಟುಕೊಂಡೆನೇ ಎಂದು ಇನ್ನೊಂದ್ಸಲ ನೋಡಿದ. ದುರದೃಷ್ಟವಶಾತ್ ಇಟ್ಟುಕೊಂಡಿದ್ದ.

ಕಚೇರಿಯಲ್ಲಿ ಅವನ ಪಕ್ಕದ ಮೇಜು ಟಪಾಲು ವಿಭಾಗದ ಅಕ್ಕನದು. ಬರುವ ಹೋಗುವ ಪ್ರತಿ ಕಾಗದಕ್ಕೂ ನಂಬರು ಹಾಕುವವಳು ಅವಳೇ. ಹೀಗಾಗಿ ಯಾವ ವಿಷಯವಾದರೂ ಮೊದಲು ಅವಳಿಗೆ ತಿಳಿಯಬೇಕೆಂಬುದು ಕಚೇರಿಯ ಅಲಿಖಿತ ನಿಯಮ.

"ಅಕ್ಕಾ, ಒಂದು ತಪ್ಪಾಗಿದೆ."

"ನಿನ್ನ ಲೆಕ್ಕದಲ್ಲಿ ಯಾವತ್ತು ಆಗಿಲ್ಲ? ಹೇಳು."

ಅವನು ಹೇಳಿದ. ಅಕ್ಕ ಕೈಯಲ್ಲಿದ್ದ ಮೊಹರನ್ನು ಪ್ಯಾಡಿನ ಮೇಲೇ ಬಿಟ್ಟಳು.

"ಎಷ್ಟು ಬಾತುಕೋಳಿ?"

"ಹನ್ನೆರಡಕ್ಕೆ ಕಡಿಮೆಯಿಲ್ಲದಷ್ಟು."

"ಒಂದೆರಡು ಸಾಕಾಗ್ತಿರ್ಲಿಲ್ವೇನೋ? ಸುಳ್ಳು ಬರೆಯೋಕೂ ಒಂದು ಮಿತಿ ಇರ್ಬೇಕು."

"ಈಗೇನ್ ಮಾಡ್ಲಿ ಅಕ್ಕಾ?"

"ಇವತ್ತು ಪೂರ್ತಿ ಗಟ್ಟಿಯಾಗಿ ಓದೋನು ನೀನೇ ತಾನೆ? ಇಪ್ಪತ್ತೇಳು ಓದು. ಒಂದ್ಸಲ ಕೆಮ್ಮು. ಇಪ್ಪತ್ತೊಂಬತ್ತಕ್ಕೆ ಹೋಗು. ದೇಶ ಮುಳುಗಲ್ಲ."

ಹತ್ತೂವರೆಯ ಹೊತ್ತಿಗೆ ಇಡೀ ಮಹಡಿಗೆ ವಿಷಯ ಗೊತ್ತಾಗಿತ್ತು. ಕಂದಾಯ ವಿಭಾಗದವನೊಬ್ಬ ಬಂದು ಮೊಟ್ಟೆಗಳು ನಗರಸಭೆಗೆ ಸೇರುತ್ತವೆಯೋ ಬಿಲ್ಡರಿಗೋ ಎಂದು ಗಂಭೀರವಾಗಿ ವಿಚಾರಿಸಿದ. ಆರೋಗ್ಯ ವಿಭಾಗದವನು ಅವಕ್ಕೆ ಚುಚ್ಚುಮದ್ದು ತನ್ನ ಕೆಲಸವಲ್ಲವೆಂದು ಮೊದಲೇ ತಿಳಿಸಿಟ್ಟ. ಜವಾನ ಮಾತ್ರ ಏನೂ ಕೇಳಲಿಲ್ಲ. ಗುಮಾಸ್ತನನ್ನು ಕಂಡಾಗಲೆಲ್ಲ ಬಾಗಿಲು ಹಿಡಿದುಕೊಂಡು ನಗು ತಡೆಯಲಾರದೆ ಅಲುಗುತ್ತಿದ್ದ.

ಆಯುಕ್ತರು ಮೆಟ್ಟಿಲು ಹತ್ತಿ ಬರುವಾಗ ಗುಮಾಸ್ತ ಅಡ್ಡ ಬಂದ. ಆಯುಕ್ತರು ಚುರುಕಾದ ಹೆಂಗಸು. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಮ್ಮೆಯೂ 'ನನಗೆ ಗೊತ್ತಿಲ್ಲ' ಎಂದವರಲ್ಲ.

"ಮೇಡಂ, ಇಪ್ಪತ್ತೆಂಟನೇ ಕಲಮು..."

"ಇಪ್ಪತ್ತೆಂಟರ ವಿಷಯ ನಂಗೆಲ್ಲಾ ಗೊತ್ತು. ನೀವು ಓದಿ ಸಾಕು."

ಸಭೆ ಹನ್ನೊಂದಕ್ಕೆ ಶುರುವಾಯಿತು. ಉದ್ದನೆಯ ಮೇಜಿನ ಈಚೆ ಮೇಡಂ ಮತ್ತು ನಗರಸಭೆಯ ಎಂಜಿನಿಯರು. ಆಚೆ ಬಿಲ್ಡರು ಮತ್ತು ಅವನ ವಕೀಲರು. ತುದಿಯಲ್ಲಿ, ಫ್ಯಾನಿನ ಗಾಳಿ ತಲುಪದ ಕಡೆ, ಗುಮಾಸ್ತ. ಸಂಜೆ ಐದರೊಳಗೆ ಸಹಿಯಾಗದಿದ್ದರೆ ಗಡುವು ಮುಗಿದು ಎರಡು ವರ್ಷದ ಮಾತೆಲ್ಲ ರದ್ದಿಗೆ ಹೋಗುವುದಿತ್ತು. ಗುಮಾಸ್ತ ಓದಿದ. ಇಪ್ಪತ್ತೇಳು ಮುಗಿಯಿತು. ಅಕ್ಕ ಹೇಳಿದಂತೆ ಕೆಮ್ಮಿದ.

"ಇಪ್ಪತ್ತೊಂಬತ್ತು..."

"ಇಪ್ಪತ್ತೆಂಟು ಎಲ್ಲಿ ಹೋಯ್ತು?" ಎಂದರು ವಕೀಲರು. ಅವರು ಹಲ್ಲಿನ ಡಾಕ್ಟರಂಥ ಮನುಷ್ಯ. ಎಲ್ಲಿ ಮುಟ್ಟಿದರೆ ನೋಯುತ್ತದೋ ಅಲ್ಲೇ ಮುಟ್ಟುತ್ತಿದ್ದರು.

ಗುಮಾಸ್ತ ಓದಿದ. 'ಸದಾಕಾಲವೂ' ಎಂಬಲ್ಲಿ ಅವನ ದನಿ ಬಾವಿಗೆ ಬಿದ್ದ ಬಿಂದಿಗೆಯಂತೆ ಕೆಳಗಿಳಿಯಿತು.

ಕಲಮು ಕಪ್ಪಿನಲ್ಲಿತ್ತು. ಅಂದರೆ ಒಪ್ಪಿಯಾಗಿದೆ. ಇದನ್ನು ಯಾವಾಗ ಒಪ್ಪಿದೆವು ಎಂದು ಕೇಳಿದವರು ತಾವು ಓದದೆ ಸಹಿ ಹಾಕಿದವರೆಂದು ತಾವೇ ಹೇಳಿಕೊಂಡಂತೆ. ಮೇಡಂ ಎಂಜಿನಿಯರ ಮುಖ ನೋಡಿದರು. ಎಂಜಿನಿಯರು ಚಾವಣಿ ನೋಡಿದರು. ಬಿಲ್ಡರು ವಕೀಲರನ್ನು ನೋಡಿದ.

"ಇದು," ಎಂದರು ವಕೀಲರು ಕೊನೆಗೆ, "ನಮ್ಮ ಕಕ್ಷಿದಾರರು ಬಹಳ ಕಷ್ಟಪಟ್ಟು ಒಪ್ಪಿದ ಕಲಮು."

"ನಾವೂ ಅಷ್ಟು ಸುಲಭಕ್ಕೆ ಕೇಳಿದ್ದಲ್ಲ," ಎಂದರು ಮೇಡಂ.

"ಒಂದು ಸ್ಪಷ್ಟನೆ ಬೇಕು. ಹನ್ನೆರಡರಲ್ಲಿ ಒಂದು ಸತ್ರೆ ಎಷ್ಟು ದಿನದೊಳಗೆ ತಂದಿಡ್ಬೇಕು?"

"ಮೂರು ದಿನ," ಎಂದರು ಮೇಡಂ, ಹುಟ್ಟಿದಾಗಿನಿಂದ ಬಾತುಕೋಳಿ ಸಾಕಿದವರಂತೆ.

"ಮೂರು ದಿನದಲ್ಲಿ ಎಲ್ಲಿಂದ ತರ್ಲಿ ಮೇಡಂ? ಮೂವತ್ತು ಮಾಡಿ," ಎಂದ ಬಿಲ್ಡರು.

"ಮೂವತ್ತು ದಿನ ಕೊಳದಲ್ಲಿ ಹನ್ನೊಂದೇ ಇದ್ರೆ ಜನ ನಮ್ಮನ್ನ ಏನಂತಾರೆ?"

"ಹಾರಿ ಹೋದ್ರೆ?" ಎಂದರು ವಕೀಲರು. "ಹಾರಿ ಹೋಗೋದು ನಮ್ಮ ಕೈಯಲ್ಲಿಲ್ಲ. ಅದನ್ನ ಭೂಕಂಪ, ಪ್ರವಾಹದ ಪಟ್ಟಿಗೆ ಸೇರಿಸ್ಬೇಕು."

"ರೆಕ್ಕೆ ಕತ್ತರಿಸ್ಬಹುದು," ಎಂದರು ಎಂಜಿನಿಯರು. ಅವರಿಗೆ ಎಲ್ಲಕ್ಕೂ ಕತ್ತರಿಸುವುದೇ ಪರಿಹಾರ.

ಗುಮಾಸ್ತ ಎಲ್ಲವನ್ನೂ ಬರೆದುಕೊಂಡ. ಹನ್ನೆರಡು ಗಂಟೆಗೆ ಅವನ ನಡಾವಳಿಯಲ್ಲಿ ಬಾತುಕೋಳಿಗಳು ಒಂದೂವರೆ ಪುಟ ಆಕ್ರಮಿಸಿದ್ದವು. ಬಿಲ್ಡರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಸದಾಕಾಲ ಅಂದ್ರೆ... ನಾನು ಸತ್ಮೇಲೂನಾ?" ಎಂದು ವಕೀಲರನ್ನು ಪಿಸುದನಿಯಲ್ಲಿ ಕೇಳಿದ. ವಕೀಲರು ಹೌದೆಂದು ತಲೆಯಾಡಿಸಿದರು.

ಆ ಮುಖ ನೋಡಿ ಗುಮಾಸ್ತನಿಗೆ ಸಹಿಸಲಾಗಲಿಲ್ಲ. ಕೆಲಸ ಹೋಗುವುದಾದರೆ ಹೋಗಲಿ ಎಂದುಕೊಂಡು ಚೀಟಿಯೊಂದರಲ್ಲಿ ಬರೆದ: "ಇಪ್ಪತ್ತೆಂಟನೇ ಕಲಮು ನಾನು ನಂಬರು ಪರೀಕ್ಷಿಸಲು ಟೈಪು ಮಾಡಿದ್ದು. ಯಾರೂ ಕೇಳಿದ್ದಲ್ಲ, ಯಾರೂ ಒಪ್ಪಿದ್ದಲ್ಲ. ಕ್ಷಮೆ ಕೋರುತ್ತೇನೆ." ಕೆಳಗೆ ಸಹಿ, ಹೆಸರು, ಹುದ್ದೆ, ದಿನಾಂಕ. ದಿನಾಂಕ ಸರಿಯಿದೆಯೇ ಎಂದು ಇನ್ನೊಂದ್ಸಲ ನೋಡಿ, ಮೇಡಂ ಕಡೆಗೆ ಸರಿಸಿದ.

ಮೇಡಂ ಓದಿದರು. ಚೀಟಿಯನ್ನು ನಾಲ್ಕಾಗಿ ಮಡಿಚಿ ಕನ್ನಡಕದ ಡಬ್ಬಿಯೊಳಗೆ ಹಾಕಿ, ಡಬ್ಬಿ ಮುಚ್ಚಿದರು. ಟಕ್ ಎಂದಿತು. ಗುಮಾಸ್ತನಿಗೆ ತನ್ನ ನೌಕರಿಯೇ ಮುಚ್ಚಿದಂತೆ ಕೇಳಿಸಿತು.

"ನೋಡಿ," ಎಂದರು ಮೇಡಂ ಬಿಲ್ಡರಿಗೆ, ದೊಡ್ಡ ತ್ಯಾಗಕ್ಕೆ ಸಿದ್ಧವಾದವರ ದನಿಯಲ್ಲಿ. "ಈ ಕೊಳ ಅಂದ್ರೆ ನಮ್ಗೆ ಎಷ್ಟು ಮುಖ್ಯ ಅಂತ ನಿಮ್ಗೆ ಗೊತ್ತು. ಆದ್ರೂ, ಒಪ್ಪಂದ ಮುರೀಬಾರ್ದು ಅನ್ನೋ ಒಂದೇ ಕಾರಣಕ್ಕೆ ಇಪ್ಪತ್ತೆಂಟನ್ನ ಪೂರ್ತಿ ಬಿಟ್ಟುಕೊಡ್ತೀವಿ. ನೀವು ರಸ್ತೇನ ಪಶ್ಚಿಮಕ್ಕೆ ತಗೊಳ್ಳಿ."

ಬಿಲ್ಡರೂ ವಕೀಲರೂ ಹತ್ತು ನಿಮಿಷ ಹೊರಗೆ ನಿಂತು ಬಂದರು.

"ಸೇತುವೆ ಒಂದ್ಸಲ ಕಟ್ಟಿದ್ರೆ ಮುಗೀತು," ಎಂದ ಬಿಲ್ಡರು. "ಬಾತುಕೋಳಿ ಸಾಯ್ತಾನೇ ಇರ್ತಾವೆ. ಪಶ್ಚಿಮ ಆಗ್ಲಿ."

ಗುಮಾಸ್ತನ ಪೆನ್ನು ನಿಂತಿತು. ಎರಡು ವರ್ಷ ನಾಲ್ಕು ಮನೆಯವರ ಅರ್ಜಿ ಮಾಡಲಾಗದ್ದನ್ನು ಅವನ ಒಂದು ಮರೆವು ಮಾಡಿತ್ತು. ಊಟದ ಬಿಡುವಿನಲ್ಲಿ ಅವನು ಮೆಟ್ಟಿಲ ಕೆಳಗೆ ನಿಂತು ಮನೆಗೆ ಫೋನು ಮಾಡಿದ.

"ರಸ್ತೆ ಪಶ್ಚಿಮಕ್ಕೆ ಹೋಯ್ತು ಕಣೇ."

ಆಚೆ ಕಡೆ ಮೆಷಿನ್ನಿನ ಸದ್ದು ನಿಂತಿತು. "ನಿಜ? ನೀವು ಮಾತಾಡಿದ್ರಾ?"

"ಮಾತಾಡ್ಲಿಲ್ಲ. ಬರೆದೆ."

"ಇನ್ನೊಂದ್ಸಲ ಹೇಳಿ," ಎಂದಳು ಹೆಂಡತಿ. ಮದುವೆಯಾದ ಮೇಲೆ ಅವಳು ಆ ಮಾತನ್ನು ಪ್ರೀತಿಯಿಂದ ಹೇಳಿದ್ದು ಅದೇ ಮೊದಲು.

ಮೂರೂವರೆಗೆ ಕೆಂಪೂ ನೀಲಿಯೂ ಹೋಗಿ ಒಪ್ಪಂದವೆಲ್ಲ ಕಪ್ಪಾಯಿತು. ಗುಮಾಸ್ತ ಇಪ್ಪತ್ತೆಂಟನ್ನು ಅಳಿಸಿದ. ಅಳಿಸಿದೆನೇ ಎಂದು ಮೂರು ಸಲ ನೋಡಿದ. ಪ್ರತಿಗಳನ್ನು ಹೊಲಿದು ತರುವಷ್ಟರಲ್ಲಿ ಬಿಲ್ಡರ ಮಗಳು ಬಂದಳು. ಮನೆಗಳ ಮಾರಾಟವೆಲ್ಲ ಅವಳ ಕೈಯಲ್ಲಿತ್ತು. ಸಹಿಯ ಸಮಯಕ್ಕೆ ಹಂಚಲೆಂದು ಒಂದು ಕಟ್ಟು ಬಣ್ಣದ ಪುಸ್ತಿಕೆ ಹಿಡಿದುಕೊಂಡಿದ್ದಳು. ಮುಖಪುಟದ ತುಂಬ ನೀಲಿ ಕೊಳ. ಅದರಲ್ಲಿ ಸಾಲಾಗಿ ಹನ್ನೆರಡು ಬಾತುಕೋಳಿಗಳು. ಬಿಲ್ಡರು ಒಂದು ಪುಸ್ತಿಕೆ ಎತ್ತಿಕೊಂಡು ಹಾಗೇ ಕೂತ.

"ಏನಮ್ಮಾ ಇದು?"

"ಕೊಳ ಅಪ್ಪಾ. ಕರಡಲ್ಲಿ ಕಪ್ಪಲ್ಲಿತ್ತಲ್ಲ, ಒಪ್ಪಿದ್ದೀರಿ ಅಂತ ಹಾಕಿಸ್ದೆ. ಜನ ಮನೆ ನೋಡೋದೇ ಇಲ್ಲ, ಕೊಳ ಯಾವ ಕಡೆ ಅಂತಾನೇ ಕೇಳ್ತಾರೆ. ಜಾಗ ಗೊತ್ತಾಗೋ ಮೊದ್ಲೇ, ಕೊಳದ ಕಡೆ ಕಿಟಕಿ ಇರ್ಬೇಕು ಅಂತ ನೂರು ಮನೆ ಬುಕ್ ಮಾಡಿದ್ದಾರೆ."

"ಒಪ್ಪಂದದಿಂದ ಕೊಳಾನ ಈಗಷ್ಟೇ ತೆಗೆಸಿಹಾಕ್ದೆ."

"ಯಾಕಪ್ಪಾ? ಯಾರು ತೆಗೆಸೋಕೆ ಹೇಳಿದ್ದು? ಬುಕ್ ಮಾಡಿದೋರಿಗೆ ಏನು ತೋರಿಸ್ಲಿ, ನಿಮ್ಮ ಮುಖಾನಾ?"

ಬಿಲ್ಡರು ಮೇಡಂ ಕಡೆ ತಿರುಗಿದ. "ಮೇಡಂ, ಆ ಇಪ್ಪತ್ತೆಂಟು... ನಿಮ್ಗೂ ಬಹಳ ಮುಖ್ಯ ಅಂದಿದ್ರಿ."

"ಬಿಟ್ಟುಕೊಟ್ಟಾಯ್ತಲ್ಲ," ಎಂದರು ಮೇಡಂ. "ಮನಸ್ಸು ಗಟ್ಟಿ ಮಾಡ್ಕೊಂಡಿದ್ದೀವಿ."

"ವಾಪಸ್ ಹಾಕಿ ಮೇಡಂ. ರಸ್ತೆ ಪಶ್ಚಿಮಕ್ಕೇ ಇರ್ಲಿ, ಸೇತುವೇನೂ ಕಟ್ತೀನಿ. ಬಾತುಕೋಳಿ ಸತ್ರೆ ಮೂರೇ ದಿನದಲ್ಲಿ ತಂದಿಡ್ತೀನಿ."

ಮೇಡಂ ದೊಡ್ಡ ಮನಸ್ಸು ಮಾಡಿದವರಂತೆ ಒಪ್ಪಿದರು. ಗುಮಾಸ್ತನಿಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನ್ನಿಸಿತು. ರಸ್ತೆ ಆಚೆ ಹೋಯಿತು, ಬಾತುಕೋಳಿಗಳಿಗೂ ಮರ್ಯಾದೆ ಬಂತು, ಸುಳ್ಳೇ ನಿಜವಾಯಿತು.

"ಆದ್ರೆ ಎಲ್ಲಿ?" ಎಂದರು ಎಂಜಿನಿಯರು, ನಕ್ಷೆ ಬಿಡಿಸುತ್ತ. "ಪಶ್ಚಿಮಕ್ಕೆ ರಸ್ತೆ ಬಂತು. ನಡುವೆ ಮನೆಗಳು. ಉತ್ತರಕ್ಕೆ ಮೈದಾನ. ಕೊಳ ಅಂದ್ರೆ ನೀರು ತಾನಾಗೇ ಹರಿದು ಬಂದು ನಿಲ್ಲೋ ತಗ್ಗು ಬೇಕು. ಅಂಥಾ ಜಾಗ ಒಂದೇ." ಅವರ ಬೆರಳು ನಕ್ಷೆಯ ಮೇಲೆ ಜಾರುತ್ತ ಜಾರುತ್ತ, ಕಾರ್ಖಾನೆಯ ಗೋಡೆ ದಾಟಿ, ನಿಂತಿತು. "ಪೂರ್ವದ ಓಣಿ. ಮಳೆ ಬಂದ್ರೆ ಅಲ್ಲಿ ಈಗ್ಲೇ ಕೊಳ ಇರುತ್ತೆ. ನಾವು ಸುತ್ತ ಕಲ್ಲು ಕಟ್ಟಿದ್ರೆ ಸಾಕು."

"ಅಲ್ಲಿ ಮನೆಗಳಿವೆಯಲ್ಲ?" ಎಂದರು ಮೇಡಂ.

"ನಾಲ್ಕೇ. ಎಂಟೆಂಟು ಅಡಿ ಒಡೆದ್ರೆ ಉಳಿದಿದ್ದರಲ್ಲಿ ಕೂತ್ಕೊಂಡು ಜಗಳ ಆಡ್ತಾರೆ. ಪೂರ್ತಿ ತಗೊಂಡ್ರೆ ಜಗಳ ಆಡೋಕೆ ಅಲ್ಲಿ ಯಾರೂ ಇರಲ್ಲ."

"ನನ್ನ ಜಾಗದಿಂದ ಹೊರಗಿದೆ. ನಗರಸಭೇನೇ ತಗೊಂಡು ಕೊಡ್ಬೇಕು," ಎಂದ ಬಿಲ್ಡರು.

"ಕೊಡಬಹುದು," ಎಂದರು ವಕೀಲರು, ಹಳೆಯ ಕರಡನ್ನು ಕಣ್ಣಿಗೆ ಹತ್ತಿರ ಹಿಡಿದು. "ಕಲಮಿನಲ್ಲೇ 'ಸಾರ್ವಜನಿಕ ಕೊಳ' ಅಂತಿದೆ. ಸಾರ್ವಜನಿಕ ಉದ್ದೇಶ ಅಂದ್ಮೇಲೆ ಮನೆ ತಗೊಳ್ಳೋಕೆ ಕಾನೂನಿನ ಅಡ್ಡಿ ಇಲ್ಲ. ಯಾರು ಬರೆದ್ರೋ, ಬಹಳ ದೂರದೃಷ್ಟಿ."

ಗುಮಾಸ್ತ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ಮೇಡಂ, ಆ ಓಣಿ... ನಾನು ಪತ್ರ... ಆ ಕಲಮು ನಿಜವಾಗಿ..."

ಮೇಡಂ ಕನ್ನಡಕದ ಡಬ್ಬಿಯನ್ನು ಅವನ ಎದುರಿಗೆ ಸರಿಸಿ, ಅದರ ಮೇಲೆ ಎರಡು ಬೆರಳಿಟ್ಟರು.

"ನಿಮ್ಮ ಸಹಿ ಇರೋ ಚೀಟಿ ನನ್ನ ಹತ್ರ ಜೋಪಾನವಾಗಿದೆ," ಎಂದರು, ಅವನಿಗಷ್ಟೇ ಕೇಳುವಂತೆ. "ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನಂಬಿ ಸಹಿ ಹಾಕೋ ಒಪ್ಪಂದದಲ್ಲಿ ಸುಳ್ಳು ಕಲಮು ಸೇರಿಸೋದು ಸಣ್ಣ ಅಪರಾಧ ಅಲ್ಲ. ಕೂತ್ಕೊಂಡು ಬರೀರಿ."

ಗುಮಾಸ್ತ ಕುರ್ಚಿ ಎತ್ತಿಟ್ಟುಕೊಂಡು ಕೂತ. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು.

"ಯಾವ ಬಣ್ಣದಲ್ಲಿ ಮೇಡಂ?"

"ಕಪ್ಪು. ಎಲ್ಲರೂ ಒಪ್ಪಿದ್ದಾರಲ್ಲ."

ಐದಕ್ಕೆ ಹತ್ತು ನಿಮಿಷ ಇರುವಾಗ ಸಹಿಯಾಯಿತು. ಹೊರಡುವಾಗ ಟಪಾಲಿನ ಅಕ್ಕ, "ಏನೋ, ಕೆಮ್ಮು ಕೆಲಸ ಮಾಡ್ತಾ?" ಎಂದಳು. ಅವನು ಮೇಜಿನ ಬೀಗವನ್ನು ಇನ್ನೊಂದ್ಸಲ ಎಳೆದು ನೋಡಿ ಹೊರಟ. ಜವಾನ ಬಾಗಿಲು ಹಿಡಿದುಕೊಂಡು ಅಲುಗಿದ.

ಓಣಿಯ ಬಾಯಿಯಲ್ಲೇ ನಾಲ್ಕೂ ಮನೆಯವರು ಸೇರಿದ್ದರು. ಮೊದಲ ಮನೆಯ ನಿವೃತ್ತ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದೆ ನಿಂತಿದ್ದರು.

"ಬನ್ನಿ ಬನ್ನಿ! ಎರಡು ವರ್ಷ ನಾವು ಅರ್ಜಿ ಬರೆದ್ವಿ. ನೀವು ಒಂದೇ ದಿನದಲ್ಲಿ ಮುಗಿಸಿದ್ರಿ. ಮಾತು ಕಡಿಮೆ, ಕೆಲಸ ಜಾಸ್ತಿ. ನಾನು ಮೊದ್ಲಿಂದ್ಲೂ ಹೇಳ್ತಿದ್ದೆ, ಇವ್ರು ಒಳಗೊಳಗೇ ಏನೋ ಮಾಡ್ತಾರೆ ಅಂತ."

ಹೆಂಡತಿ ಅವನ ಕೈಯಿಂದ ಚೀಲ ಇಸಿದುಕೊಂಡು ಒಳಗೆ ಕರೆದೊಯ್ದಳು; ಹಿಂದೆಯೇ ಎಲ್ಲರೂ ಬಂದರು. ಮುಂದಿನ ಕೋಣೆಯಲ್ಲಿ ಮರದ ಪುಡಿಯ ವಾಸನೆ. ಕಿಟಕಿಯ ಕೆಳಗೆ, ಗೋಡೆಯ ಈ ತುದಿಯಿಂದ ಆ ತುದಿಗೆ, ಬಟ್ಟೆ ಕತ್ತರಿಸುವ ಹೊಸ ಮೇಜು ಬಂದಿತ್ತು. ಬಡಗಿ ಕೊನೆಯ ಮೊಳೆ ಹೊಡೆಯುತ್ತಿದ್ದ.

"ಎರಡು ವರ್ಷದಿಂದ ಮಾಡಿಸ್ಬೇಕು ಅಂತಿದ್ದೆ," ಎಂದಳು ಹೆಂಡತಿ. "ಈ ರೂಮೇ ಹೋಗುತ್ತೆ ಅಂತ ಸುಮ್ನಿದ್ದೆ. ನೀವು ಫೋನ್ ಇಟ್ಟಿದ್ದೇ ತಡ, ಬರಹೇಳ್ದೆ. ನೆಲಕ್ಕೇ ಬೋಲ್ಟ್ ಹಾಕಿಸಿದ್ದೀನಿ, ಇನ್ನು ಅಲುಗಾಡಲ್ಲ. ಚೆನ್ನಾಗಿದ್ಯಾ?"

"ಚೆನ್ನಾಗಿದೆ," ಎಂದ ಗುಮಾಸ್ತ. ಚೆನ್ನಾಗಿಯೇ ಇತ್ತು.

"ಅಂದ್ರೆ ನಮ್ಮ ಮುಂದಿನ ಎಂಟಡಿ ಇನ್ನು ಯಾರೂ ಕೇಳಲ್ಲ ತಾನೆ?" ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಂತೆ.

"ಎಂಟಡಿ ಯಾರೂ ಕೇಳಲ್ಲ."

"ಹಾಗಾದ್ರೆ ನಮ್ಮ ಓಣಿಗೆ ಏನೂ ಬರಲ್ಲ!"

ಗುಮಾಸ್ತನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಬರೆದದ್ದೊಂದೇ, ಅದೂ ನಿಜವಾಗಿಬಿಟ್ಟಿತ್ತು.

"ಬಾತುಕೋಳಿ ಬರ್ತಾವೆ," ಎಂದ.

ಎಲ್ಲರೂ ನಕ್ಕರು. ಇಷ್ಟು ವರ್ಷದಲ್ಲಿ ಅವನು ತಮಾಷೆ ಮಾಡಿದ್ದನ್ನು ಅವರು ಕಂಡಿರಲಿಲ್ಲ. ಬಡಗಿಯೂ ಸುತ್ತಿಗೆ ಕೆಳಗಿಟ್ಟು ನಕ್ಕ.

"ಎಷ್ಟು ಬರ್ತಾವೆ?" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

"ಹನ್ನೆರಡಕ್ಕೆ ಕಡಿಮೆಯಿಲ್ಲದಷ್ಟು."

"ಅಷ್ಟೊಂದಾ! ಎಲ್ಲಿಡ್ತಾರಂತೆ ಅವನ್ನೆಲ್ಲ?"

ಗುಮಾಸ್ತ ಹೊಸ ಮೇಜಿನ ಮೇಲೆ ಬಿದ್ದಿದ್ದ ಮರದ ಪುಡಿಯನ್ನು ಅಂಗೈಯಿಂದ ಒಂದು ಪಕ್ಕಕ್ಕೆ ಸರಿಸಿದ.

"ಇಲ್ಲಿ," ಎಂದ.